ಎಡ ಮೊಣಕಾಲಿನ ಹದಿನಾರು ವರ್ಷ

ಏಪ್ರಿಲ್ ತಿಂಗಳ ಕೊನೆಯ ಶುಕ್ರವಾರ. ಕೆಲಸದ ಪಾಳಿ ಅದಲುಬದಲು ಮಾಡಿಕೊಂಡು ಮಧ್ಯಾಹ್ನ ಎರಡಕ್ಕೇ ಆಸ್ಪತ್ರೆಯಿಂದ ಹೊರಬಿದ್ದೆ. ಬೆನ್ನಿಗೊಂದು ಚೀಲ, ಅದರಲ್ಲಿ ಒಂದು ಜೊತೆ ಬಟ್ಟೆ, ಮಳೆಯಂಗಿ, ಗೆಳತಿಗೆಂದು ಕಟ್ಟಿಕೊಂಡ ಗಿರ್ಮಿಟ್ ಸಾಮಾನು. ಸೆಲ್ಲಿ ಓಕ್ ಸ್ಟೇಷನ್ನಿನಿಂದ ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟಿಗೆ ಎಂಟು ಹತ್ತು ನಿಮಿಷ, ಅಲ್ಲಿಂದ ಮ್ಯಾಂಚೆಸ್ಟರಿಗೆ ಒಂದೂವರೆ ಗಂಟೆ. ಮರುದಿನ ಅಲ್ಲಿಂದ ಲೀಡ್ಸ್, ಸಂಜೆ ಲೀಡ್ಸಿನಿಂದ ನೇರ ಮನೆಗೆ. ಎರಡು ವಾರ ಮೊದಲೇ ಟಿಕೆಟ್ ತೆಗೆದಿದ್ದರಿಂದ ಎಲ್ಲ ಸೇರಿ ಅರವತ್ತು ಪೌಂಡಿನೊಳಗೆ ಮುಗಿದಿತ್ತು. ಈ ದೇಶಕ್ಕೆ ಬಂದು ಹದಿನೆಂಟು ವರ್ಷವಾಯಿತು. ಫುಟ್‌ಬಾಲ್ ಪಂದ್ಯ ನೋಡುವುದಕ್ಕೆಂದು ರೈಲು ಹತ್ತಿದ್ದು ಅದೇ ಮೊದಲು.

ಕರೆಸಿದವನ ಹೆಸರು ಡೋನಲ್. ಪೂರ್ತಿ ಹೆಸರು ಬರೆಯುವುದಿಲ್ಲ, ಅವನಿಗೆ ಹಿಡಿಸುವುದಿಲ್ಲ. ಐರ್ಲೆಂಡಿನ ಪಶ್ಚಿಮ ಕರಾವಳಿಯವನು, ಮೂವತ್ತೈದು ವರ್ಷ, ವೃತ್ತಿಯಿಂದ ಫುಟ್‌ಬಾಲ್ ಆಟಗಾರ. ಮೈದಾನದ ನಡುವೆ ನಿಂತು, ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ದಾಟಿಸುವ ಮಿಡ್‌ಫೀಲ್ಡರ್. ಮೂರು ವಾರದ ಹಿಂದೆ ಆಸ್ಪತ್ರೆಯ ನಮ್ಮ ಫಿಜಿಯೋಥೆರಪಿ ವಿಭಾಗಕ್ಕೆ ಅವನದೊಂದು ಇಮೇಲ್ ಬಂದಿತ್ತು. 'ಹದಿನಾರು ವರ್ಷದ ಹಿಂದೆ ನನ್ನ ಎಡ ಮೊಣಕಾಲಿನ ಬಗ್ಗೆ ವರದಿ ಬರೆದ ಫರ್ಹಾನಾ ನೀವೇ ಆಗಿದ್ದರೆ, ಇನ್ನು ಮೂರು ವಾರ ಬಿಟ್ಟು ಶನಿವಾರದ ಪಂದ್ಯ ನನ್ನ ಕೊನೆಯದು. ಗೇಟಿನಲ್ಲಿ ನಿಮ್ಮ ಹೆಸರಿಗೆ ಎರಡು ಟಿಕೆಟ್ ಇಟ್ಟಿರುತ್ತೇನೆ.' ಇಷ್ಟೇ. ಕೆಳಗೆ ಮೈದಾನದ ವಿಳಾಸ, ಪೋಸ್ಟ್‌ಕೋಡ್.

ಅದನ್ನು ಓದಿ ಮುಚ್ಚಿದೆ, ಮತ್ತೆ ತೆರೆದು ಓದಿದೆ, ಮತ್ತೆ ಮುಚ್ಚಿದೆ. ಯಾಕೆಂದು ಹೇಳಬೇಕು.

ಆಗ ನನಗೆ ಇಪ್ಪತ್ತಾರು. ಹಾವೇರಿಯಿಂದ ಓದಲು ಬಂದು, ಸೆಲ್ಲಿ ಓಕ್‌ನ ಒಂದು ಹಳೆಯ ಮನೆಯಲ್ಲಿ ಐವರ ಜೊತೆ ಬಾಡಿಗೆಗಿದ್ದು, ಫಿಜಿಯೋಥೆರಪಿಯಲ್ಲಿ ಎಂಎಸ್ಸಿ ಮುಗಿಸಿ ಮೊದಲ ಕೆಲಸ ಹಿಡಿದಿದ್ದೆ. ಊರಾಚೆಯ ಒಂದು ಫುಟ್‌ಬಾಲ್ ಕ್ಲಬ್ಬಿನ ಕಿರಿಯರ ತಂಡವನ್ನು ನಮ್ಮ ಕ್ಲಿನಿಕ್ ನೋಡಿಕೊಳ್ಳುತ್ತಿತ್ತು. ಡೋನಲ್ ಹದಿನಾರಕ್ಕೇ ಮನೆಬಿಟ್ಟು ಆ ಕ್ಲಬ್ಬಿಗೆ ಬಂದವನು. ಹತ್ತೊಂಬತ್ತರಲ್ಲಿ, ಇನ್ನೇನು ದೊಡ್ಡವರ ತಂಡಕ್ಕೆ ಸೇರಬೇಕು ಎನ್ನುವಾಗ, ಎಡ ಮೊಣಕಾಲು ತಿರುಚಿತು. ನಮ್ಮ ಹಿರಿಯ ಫಿಜಿಯೋ ರಜೆಯಲ್ಲಿದ್ದರು. ಪರೀಕ್ಷೆ ಮಾಡಿದವಳು ನಾನು. ಒಂಟಿಗಾಲಲ್ಲಿ ಕುಪ್ಪಳಿಸು ಎಂದರೆ ಎರಡು ಸಲ ಸರಿಯಾಗಿ ಕುಪ್ಪಳಿಸಿದ, ಮೂರನೆಯ ಸಲ ಮೊಣಕಾಲು ಸ್ವಲ್ಪ ಒಳಕ್ಕೆ ವಾಲಿತು. ಆರು ವಾರ ಬಿಟ್ಟು ಆಡಿಸಬಹುದು ಎಂಬ ಒಂದು ಸಾಲನ್ನು ಕ್ಲಬ್ಬಿನವರು ಕಾಯುತ್ತಿದ್ದರು. ನಾನು ಒಂಬತ್ತು ತಿಂಗಳು ಆಡಿಸಕೂಡದು, ಆಡಿಸಿದರೆ ಕಾಲಿಗೆ ಶಾಶ್ವತ ತೊಂದರೆ ಎಂದು ಬರೆದೆ.

ಮರುದಿನ ಅವನು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು, 'ಆರು ವಾರ ಅಂತ ಬರೆಯೋಕೆ ಆಗೋದೇ ಇಲ್ವಾ?' ಎಂದು ಕೇಳಿದ. ಆಗುವುದಿಲ್ಲ ಎಂದೆ. ಬಾಗಿಲನ್ನು ಹಾಗೇ ತೆರೆದಿಟ್ಟು ಹೋದ. ಎರಡು ವಾರದಲ್ಲಿ ಕ್ಲಬ್ಬಿನವರು ಅವನನ್ನು ಕೈಬಿಟ್ಟರು. ಐರ್ಲೆಂಡಿಗೆ ವಾಪಸಾದನೆಂದು ಕೇಳಿದೆ, ಅಷ್ಟೇ.

ಆಮೇಲೆ ಅವನು ಎಲ್ಲೆಲ್ಲೋ ಆಡುತ್ತಿದ್ದಾನೆಂದು ಪತ್ರಿಕೆಯ ಸಣ್ಣ ಅಕ್ಷರಗಳಲ್ಲಿ ಒಂದೆರಡು ಸಲ ಕಂಡಿದ್ದೆ. ಕಾಲು ಗಟ್ಟಿಯಾಗೇ ಇತ್ತು, ಅಂದರೆ ನಾನು ಬರೆದದ್ದು ತಪ್ಪು. ಆರು ವಾರದಲ್ಲಿ ಸರಿಹೋಗುತ್ತಿದ್ದ ಕಾಲಿಗೆ ಒಂಬತ್ತು ತಿಂಗಳು ಬರೆದು ಒಬ್ಬನ ದಾರಿ ಮುಚ್ಚಿದೆ. ಹೀಗೆಂದು ಎಷ್ಟೋ ವರ್ಷ ನಂಬಿದ್ದೆ.

ಹೋಗಬೇಕೋ ಬೇಡವೋ ಎಂದು ವಾರವಿಡೀ ತೂಗಿದೆ. ಹಾವೇರಿಗೆ ಫೋನ್ ಮಾಡಿದಾಗ ಅಮ್ಮಿಗೆ ಹೇಳಿದೆ. 'ಜಾಕೋ ಆ ಬೇಟಿ,' ಎಂದರು. ಹೋಗಿ ಬಾ ಮಗಳೇ ಅನ್ನುವಷ್ಟೇ, ಬೇರೆ ಬುದ್ಧಿಮಾತಿಲ್ಲ. ಮನೆಯಲ್ಲಿ ಗಂಡ ಮುಷ್ತಾಕ್, 'ಮಕ್ಕಳನ್ನು ನಾನು ನೋಡ್ಕೋತೀನಿ' ಎಂದು ನೆಪವೊಂದನ್ನು ತೆಗೆದುಹಾಕಿಬಿಟ್ಟರು.

ಮ್ಯಾಂಚೆಸ್ಟರಿಗೆ ರೈಲು ಸ್ಟ್ಯಾಫರ್ಡ್, ಸ್ಟೋಕ್ ದಾಟಿ ಹೋಗುತ್ತದೆ. ಬಿಸಿಲಿತ್ತು, ಆದರೆ ಬೆಚ್ಚಗಿರಲಿಲ್ಲ. ಹಳದಿ ಸಾಸಿವೆಯಂಥ ರೇಪ್ ಬೆಳೆಯ ಹೊಲಗಳು ಹೂಬಿಟ್ಟಿದ್ದವು. ನಾನು ಹೊರಗೆ ನೋಡಿದ್ದಕ್ಕಿಂತ, ಅವನೆದುರು ಮೊದಲ ಮಾತು ಏನಾಡಲಿ ಎಂದು ಕಟ್ಟಿ ಕೆಡವಿದ್ದೇ ಹೆಚ್ಚು. ಪಿಕಡಿಲಿ ಸ್ಟೇಷನ್ನಿನಿಂದ ಟ್ರ್ಯಾಮ್ ಹಿಡಿದು ಸಾಲ್ಫರ್ಡಿನ ಮೀಡಿಯಾಸಿಟಿ ತಲುಪುವಾಗ ಐದೂವರೆ. ಗಾಳಿಗೆ ಹಳೆಯ ಹಡಗುಕಟ್ಟೆಯ ನೀರೆಲ್ಲ ಸಣ್ಣ ಸಣ್ಣ ಸುಕ್ಕುಗಟ್ಟಿತ್ತು.

ಗೆಳತಿ ಸುಜಾತಾ ಸ್ಟಾಪಿನಲ್ಲೇ ನಿಂತಿದ್ದಳು. ಉಡುಪಿ ಕಡೆಯವಳು, ಸೆಲ್ಲಿ ಓಕ್‌ನ ಆ ಮನೆಯ ಐವರಲ್ಲಿ ಒಬ್ಬಳು. ಅವಳು ತುಳು, ನಾನು ದಖ್ಖನಿ. ಅಂದಿನಿಂದ ಇಂದಿನವರೆಗೆ ನಮ್ಮಿಬ್ಬರ ಮಾತು ಬೆಂಗಳೂರಿನವರಂಥ ಕನ್ನಡದಲ್ಲೇ. ಈಗ ಮೀಡಿಯಾಸಿಟಿಯ ಒಂದು ಕಂಪನಿಯಲ್ಲಿ ಅವಳ ಕೆಲಸ ಫುಟ್‌ಬಾಲ್ ವಿಡಿಯೋಗಳನ್ನು ನೋಡುವುದು. ಯಾರು ಯಾರಿಗೆ ಚೆಂಡು ಕೊಟ್ಟರು, ಎಷ್ಟು ದೂರ ಓಡಿದರು ಎಂದು ಒಂದೊಂದನ್ನೂ ಗುರುತು ಹಾಕುವುದು.

ಮನೆಯಲ್ಲಿ ಅವಳ ಗಂಡ ಗಣೇಶ್ ನೀರುದೋಸೆ ಹುಯ್ಯುತ್ತಿದ್ದರು. ಬಂಗುಡೆ ಸಾರು ಕುದಿಯುತ್ತಿತ್ತು. ಮೀನು ಮ್ಯಾಂಚೆಸ್ಟರಿನ ಮಾರುಕಟ್ಟೆಯದು, ಮಸಾಲೆ ಊರಿನದು. ನಾನು ತಂದ ಮಂಡಕ್ಕಿಗೆ ಈರುಳ್ಳಿ ಹೆಚ್ಚಿ ಗಿರ್ಮಿಟ್ ಕಲಸಿದೆ. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ತಟ್ಟೆ ಹಿಡಿದು ಕೂತಾಗ ಸುಜಾತಾ ಲ್ಯಾಪ್‌ಟಾಪ್ ತೆರೆದಳು.

'ನಿನ್ನ ಡೋನಲ್‌ದು ಒಂದಿಷ್ಟು ಪಂದ್ಯ ಹುಡುಕಿಟ್ಟಿದೀನಿ. ನೋಡ್ತೀಯಾ?'

'ಬೇಡ ಅಂದ್ರೆ ಬಿಡ್ತೀಯಾ?'

'ಇಲ್ಲ.'

ತೆರೆಯ ಮೇಲೆ ಕೆಂಗೂದಲಿನ ಒಬ್ಬ ಗಿಡ್ಡ ಆಳು. ಎತ್ತರವಿಲ್ಲ, ಭಾರೀ ವೇಗವೂ ಇಲ್ಲ. ಸುಜಾತಾ ನಿಲ್ಲಿಸಿ ತೋರಿಸಿದಳು. 'ನೋಡು, ಚೆಂಡು ಇನ್ನೂ ಅವನ ಹತ್ರ ಬಂದೇ ಇಲ್ಲ. ಅಷ್ಟರಲ್ಲಿ ಎರಡೂ ಭುಜದ ಮೇಲಿಂದ ಹಿಂದೆ ನೋಡ್ಕೊಂಡ. ಯಾರೆಲ್ಲಿದಾರೆ ಅಂತ ಲೆಕ್ಕ ಮುಗೀತು. ಚೆಂಡು ಬಂದಾಗ ಯೋಚನೆ ಮಾಡೋದು ಏನೂ ಉಳಿದಿಲ್ಲ.'

ಎರಡನೆಯ ವಿಡಿಯೋ, ಮೂರನೆಯದು. ನನಗೆ ತಲೆಗಿಂತ ಕಾಲು ಕಾಣುತ್ತದೆ, ಅದು ನನ್ನ ಕಸುಬು. ನಾಲ್ಕನೆಯದರಲ್ಲಿ ನಾನೇ ನಿಲ್ಲಿಸು ಎಂದೆ.

'ಅವನು ಬಲಕ್ಕೆ ತಿರುಗೋದೇ ಇಲ್ಲ ಸುಜಾ.'

'ಅಂದ್ರೆ?'

'ಯಾವಾಗ್ಲೂ ಬಲಗಾಲು ಊರಿ ಎಡಕ್ಕೇ ತಿರುಗ್ತಾನೆ. ಎಡಗಾಲನ್ನ ನೆಲಕ್ಕೆ ಊರಿ ಅದರ ಮೇಲೆ ಮೈ ತಿರುಚೋದನ್ನ ಎಲ್ಲೂ ಮಾಡಿಲ್ಲ. ಒಂದು ಸಲಾನೂ ಇಲ್ಲ.'

ಅವಳು ಇನ್ನೂ ನಾಲ್ಕಾರು ವಿಡಿಯೋ ಓಡಿಸಿದಳು. ಬೇರೆ ಬೇರೆ ವರ್ಷ, ಬೇರೆ ಬೇರೆ ಬಣ್ಣದ ಅಂಗಿ. ಎಲ್ಲದರಲ್ಲೂ ಎಡಕ್ಕೇ. ಗಣೇಶ್ ದೋಸೆ ತಂದವರು ಅಲ್ಲೇ ನಿಂತರು. 'ಇಷ್ಟು ವರ್ಷ ಎದುರಿನವರಿಗೆ ಗೊತ್ತಾಗ್ಲಿಲ್ವಾ ಹಾಗಾದ್ರೆ?'

'ಗೊತ್ತಾಗಿರುತ್ತೆ,' ಎಂದಳು ಸುಜಾತಾ. 'ಗೊತ್ತಾದ್ರೂ ತಡೆಯೋಕೆ ಆಗ್ಬೇಕಲ್ಲ. ಅದಕ್ಕೇ ಇವನು ಮೊದಲೇ ಹಿಂದೆ ನೋಡ್ಕೊಳ್ಳೋದು.'

ನಾನು ತಟ್ಟೆ ಬದಿಗಿಟ್ಟೆ. ನಾನು ಒಂದು ಹಾಳೆಯಲ್ಲಿ ಬರೆದದ್ದನ್ನು ಈ ಮನುಷ್ಯ ಇಷ್ಟು ವರ್ಷ ಮೈಯಲ್ಲಿ ಹೊತ್ತು ಆಡಿದ್ದಾನೆ. ಸುಜಾತಾ ಲ್ಯಾಪ್‌ಟಾಪ್ ಮುಚ್ಚಿದಳು. 'ಆ ವರದಿ ಬರೆದಾಗ್ಲೂ ನೀನು ಹೀಗೇ ಊಟ ಬಿಟ್ಟಿದ್ದೆ. ನಾಳೆ ಎರಡನೇ ಟಿಕೆಟ್ ನಂದು, ನಾನೂ ಬರ್ತೀನಿ,' ಎಂದಳು.

ಶನಿವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಲೀಡ್ಸ್ ರೈಲು ಹಿಡಿದೆವು. ಒಂದು ಗಂಟೆಯ ದಾರಿ. ಸ್ಟೇಲಿಬ್ರಿಜ್ ದಾಟಿದ ಮೇಲೆ ಬೆಟ್ಟ ಶುರುವಾಗುತ್ತದೆ. ಮರಗಳಿಲ್ಲದ ಕಂದು ಬೆಟ್ಟ, ಕಲ್ಲಿನ ಗೋಡೆ, ಕುರಿಗಳು. ಆಮೇಲೆ ಒಂದು ಉದ್ದನೆಯ ಸುರಂಗ. ಸುರಂಗದ ಈಚೆ ಬಿಸಿಲು, ಆಚೆ ತುಂತುರು ಮಳೆ. ಕಿವಿಯಲ್ಲಿ ಗಾಳಿ ಕಟ್ಟಿದಂತಾಗಿ ಇಬ್ಬರೂ ಆಕಳಿಸಿದೆವು. ಎದುರು ಸೀಟಿನಲ್ಲಿದ್ದ, ಉಣ್ಣೆ ಟೋಪಿಯ ಯಾರ್ಕ್‌ಷೈರ್ ಮುದುಕರೊಬ್ಬರು ನಮ್ಮ ಭಾಷೆ ಯಾವುದೆಂದು ಕೇಳಿದರು. ಕನ್ನಡ ಎಂದೆವು. ಎಲ್ಲಿಗೆ ಎಂದರು, ಹೇಳಿದೆವು.

'ಓ, ಡೋನಲ್‌ನ ಕೊನೇ ಆಟಕ್ಕಾ? ನಾನೂ ಅಲ್ಲಿಗೇ,' ಎಂದರು. 'ದೊಡ್ಡ ಆಟಗಾರ ಅಂತ ಹೇಳಲ್ಲ. ಆದ್ರೆ ಅವನಿದ್ದ ದಿನ ನಮ್ಮ ತಂಡ ಗಾಬರಿ ಬೀಳ್ತಿರ್ಲಿಲ್ಲ.'

ಇದಕ್ಕಿಂತ ಒಳ್ಳೆಯ ಹೊಗಳಿಕೆಯನ್ನು ಆ ದಿನ ಮೈಕಿನಲ್ಲಿ ಮಾತಾಡಿದವರೂ ಹೇಳಲಿಲ್ಲ.

ಲೀಡ್ಸಿನಲ್ಲಿ ಇಳಿದು ಇನ್ನೊಂದು ಸಣ್ಣ ರೈಲಿನಲ್ಲಿ ಹದಿನೈದು ನಿಮಿಷ. ಎರಡೇ ಪ್ಲಾಟ್‌ಫಾರಂ, ನಡುವೆ ಒಂದು ಕಬ್ಬಿಣದ ಸೇತುವೆ ಇರುವ ಸ್ಟೇಷನ್. ಮುದುಕರ ಹಿಂದೆ ನಡೆದು ಮೈದಾನ ತಲುಪಿದೆವು. ಟಿವಿಯಲ್ಲಿ ಕಾಣುವ ಬೃಹತ್ ಕ್ರೀಡಾಂಗಣವಲ್ಲ. ಒಂದು ಬದಿಗೆ ತಗಡಿನ ಮಾಡು, ಮೂರು ಬದಿಗೆ ನಿಲ್ಲುವ ಮೆಟ್ಟಿಲು, ಹಿಂದೆಯೇ ಮನೆಗಳ ಹಿತ್ತಿಲು. ಗೇಟಿನ ಹೆಂಗಸು ನನ್ನ ಹೆಸರಿನ ಲಕೋಟೆ ಕೊಟ್ಟರು. ತಿನ್ನಲು ಮಾಂಸವಿಲ್ಲದ್ದು ಚೀಸ್-ಈರುಳ್ಳಿ ತುಂಬಿದ, ಸುಟ್ಟ ಕಡುಬಿನಂಥ ಪೈ ಒಂದೇ ಇತ್ತು, ಅದನ್ನೇ ಕೊಂಡೆವು. ಕಾಗದದ ಲೋಟದಲ್ಲಿ ಕಡು ಚಹಾ ಹಿಡಿದು ಮಾಡಿನ ಕೆಳಗೆ ಕೂತೆವು.

ಮೂರಕ್ಕೆ ಆಟ ಶುರು. ತಂಡ ಗೆದ್ದರೂ ಸೋತರೂ ಲೀಗಿನ ಪಟ್ಟಿಯಲ್ಲಿ ಮೇಲೆ ಕೆಳಗೆ ಹೋಗುವಂತಿರಲಿಲ್ಲ. ಆದರೂ ಮೆಟ್ಟಿಲುಗಳೆಲ್ಲ ತುಂಬಿದ್ದವು. ಡೋನಲ್ ತೋಳಿಗೆ ನಾಯಕನ ಪಟ್ಟಿ ಕಟ್ಟಿಕೊಂಡಿದ್ದ. ತಲೆ ಅತ್ತ, ತಲೆ ಇತ್ತ, ಚೆಂಡು ಬಂತು, ಎಡಕ್ಕೆ ತಿರುಗಿದ, ದಾಟಿಸಿದ. ಹಿಂದಿನ ದಿನ ಪಾಠ ಹೇಳಿಸಿಕೊಂಡಿದ್ದರಿಂದ ನನಗೂ ಆಟ ಅರ್ಥವಾಯಿತು. ಎದುರು ತಂಡ ಮೊದಲು ಗೋಲು ಹೊಡೆಯಿತು, ಇವರು ಸಮ ಮಾಡಿದರು. ಮಳೆ ಬಂದು ಹೋಯಿತು.

ಆಟ ಮುಗಿಯಲು ಹತ್ತು ನಿಮಿಷವಿರಬಹುದು. ಚೆಂಡು ಡೋನಲ್ ಬಳಿ ಬಂತು. ಎದುರಾಳಿಯೊಬ್ಬ ಅವನ ಎಡಬದಿಯನ್ನು ಮೊದಲೇ ಮುಚ್ಚಿ ನಿಂತಿದ್ದ. ಆಗ ಡೋನಲ್ ಎಡಗಾಲು ಊರಿ, ಪೂರ್ತಿ ಮೈಭಾರ ಅದರ ಮೇಲೆ ಹಾಕಿ, ಬಲಕ್ಕೆ ತಿರುಗಿಬಿಟ್ಟ.

ನಾನು ಎದ್ದು ನಿಂತಿದ್ದೆ. ಸುಜಾತಾಳ ಕೈಯಲ್ಲಿದ್ದ ಚಹಾ ಅವಳ ಮಡಿಲಿಗೆ ಚೆಲ್ಲಿತ್ತು. ಮೊಣಕಾಲು ನಿಂತಿತು. ಒಳಕ್ಕೆ ವಾಲಲಿಲ್ಲ. ಆ ಎದುರಾಳಿ ಖಾಲಿ ಜಾಗಕ್ಕೆ ಕಾಲು ಹಾಕಿ ಕುಂಡೆಯ ಮೇಲೆ ಕೂತ. ಡೋನಲ್ ನಲವತ್ತು ಗಜದ ಒಂದು ಪಾಸ್ ಕೊಟ್ಟ, ಮುಂದಿನ ಹುಡುಗ ಅದನ್ನು ಗೋಲಿನ ಮೇಲಿಂದ ಯಾರದೋ ಹಿತ್ತಿಲಿಗೆ ಹೊಡೆದ. ಜನ ನಕ್ಕರು. ಎರಡು ನಿಮಿಷದಲ್ಲಿ ಡೋನಲ್‌ನನ್ನು ಹೊರಗೆ ಕರೆದರು. ಎದುರು ತಂಡದವರೂ ಸೇರಿ ಎಲ್ಲರೂ ಚಪ್ಪಾಳೆ ತಟ್ಟಿದರು. ಆಟ ಸಮವಾಗಿಯೇ ಮುಗಿಯಿತು.

ಐದೂವರೆ ಸುಮಾರಿಗೆ ಕ್ಲಬ್ಬಿನ ಹಿಂದಿನ ಸಣ್ಣ ಕೋಣೆಯಲ್ಲಿ ಅವನು ನಮ್ಮನ್ನು ಕಂಡ. ಒದ್ದೆಗೂದಲು, ಜಾಕೆಟ್ಟು. ಅವನ ಇಂಗ್ಲಿಷನ್ನು ಕನ್ನಡದಲ್ಲಿ ನೆನೆದರೆ ಅವನು ನನಗೆ 'ನೀವು' ಅಂದಂತೆ, ನಾನು ಅವನಿಗೆ 'ನೀನು' ಅಂದಂತೆ ಕೇಳಿಸುತ್ತದೆ, ಹಾಗೇ ಬರೆಯುತ್ತೇನೆ.

'ನೋಡಿದ್ರಾ?' ಎಂದ. ಅದೇ ಅವನ ಮೊದಲ ಮಾತು.

'ನೋಡಿದೆ. ಯಾಕೆ ಹಾಗೆ ಮಾಡಿದೆ?'

'ಇನ್ನು ಯಾವತ್ತಿಗೆ ಅಂತ ಉಳಿಸ್ಕೊಳ್ಲಿ?'

ಕೂತ ಮೇಲೆ ಅವನೇ ಹೇಳಿದ. ಮನೆಗೆ ಹೋದ ಮೊದಲ ಎರಡು ವರ್ಷ ನನ್ನನ್ನು ದಿನಾ ಬೈದುಕೊಂಡಿದ್ದನಂತೆ. ಸೋದರಮಾವನ ಜೊತೆ ಮನೆ ಕಟ್ಟುವ ಕೆಲಸಕ್ಕೆ ಹೋದ. ಬೇರೇನೂ ಮಾಡಲು ತೋಚದೆ, ನಾನು ಹೇಳಿದ್ದ ವ್ಯಾಯಾಮಗಳನ್ನು ಒಂಬತ್ತು ತಿಂಗಳೂ ತಪ್ಪದೆ ಮಾಡಿದ. ಆಮೇಲೆ ಊರಿನ ತಂಡ, ನಂತರ ಐರ್ಲೆಂಡಿನ ಲೀಗ್. ಇಪ್ಪತ್ತನಾಲ್ಕಕ್ಕೆ ಮ್ಯಾಂಚೆಸ್ಟರಿನ ಹತ್ತಿರದ ಒಂದು ಸಣ್ಣ ಕ್ಲಬ್ ಕರೆಯಿತು. ಅಲ್ಲಿಂದ ಮಿಡ್‌ಲ್ಯಾಂಡ್ಸ್, ಅಲ್ಲಿಂದ ಎರಡನೇ ದರ್ಜೆಯ ಲೀಗಿನಲ್ಲಿ ಒಂದು ವರ್ಷ, ಮತ್ತೆ ಕೆಳಗೆ, ಕೊನೆಗೆ ನಾಲ್ಕು ವರ್ಷ ಇಲ್ಲಿ. ಒಮ್ಮೆ ದೇಶದ ತಂಡಕ್ಕೂ ಕರೆ ಬಂದಿತ್ತು.

'ಆಡಿಸಲಿಲ್ಲ. ಬೆಂಚಿನ ಮೇಲೆ ಕೂತು ಬಂದೆ,' ಎಂದು ನಕ್ಕ. 'ಅಂದು ಕೊಟ್ಟ ಹಸಿರು ಅಂಗಿಗೆ ಅಮ್ಮ ಗಾಜು ಹಾಕಿಸಿ ಗೋಡೆಗೆ ತೂಗಿಸಿದ್ದಾಳೆ.'

'ನನ್ನನ್ನ ಯಾಕೆ ಕರೆದೆ?' ಎಂದೆ.

'ಮ್ಯಾಂಚೆಸ್ಟರಿಗೆ ಬಂದಾಗ ಅಲ್ಲಿನ ಡಾಕ್ಟರ್ ಸ್ಕ್ಯಾನ್ ನೋಡಿ, ಹತ್ತೊಂಬತ್ತರಲ್ಲಿ ನಿನ್ನನ್ನ ಯಾರು ತಡೆದರು ಅಂತ ಕೇಳಿದರು. ಇಂಡಿಯಾದ ಒಬ್ಬರು ಅಂದೆ. ಆಗ ಆಡಿದ್ದಿದ್ದರೆ ಇಪ್ಪತ್ತಕ್ಕೆ ನಿನ್ನ ಆಟ ಮುಗೀತಿತ್ತು ಅಂದರು.' ಒದ್ದೆಗೂದಲನ್ನು ಹಿಂದಕ್ಕೆ ಸವರಿಕೊಂಡ. 'ನನ್ನ ಜೊತೆ ರೂಮಿನಲ್ಲಿದ್ದ ಗೆಳೆಯನಿಗೂ ಆ ವರ್ಷ ಮೊಣಕಾಲೇ. ಬೇರೆ ಕಡೆ ಹೋಗಿ ಆರು ವಾರ ಅಂತ ಬರೆಸ್ಕೊಂಡು ಬಂದ. ಇಂಜೆಕ್ಷನ್ ಕೊಟ್ಟು ಆಡಿಸಿದರು. ಈಗ ಅವನು ತನ್ನ ಮಗಳ ಜೊತೆ ಪಾರ್ಕಿನಲ್ಲಿ ಓಡೋಕೂ ಆಗಲ್ಲ.'

'ಇದನ್ನ ಹೇಳೋಕೆ ಹನ್ನೊಂದು ವರ್ಷ ಬೇಕಾಯ್ತಾ?' ಎಂದು ಕೇಳಿದ್ದು ಸುಜಾತಾ.

ಡೋನಲ್ ನಾಚಿ ಕೆಂಪಾದ. 'ಆಡ್ತಾ ಇರೋವಾಗ ಆ ಮೊಣಕಾಲಿನ ಮಾತೆತ್ತೋಕೆ ಭಯ. ಎಲ್ಲಿ ಮಾತಾಡಿದ ಮರುದಿನವೇ ಹೋಗಿಬಿಡುತ್ತೋ ಅಂತ. ಆಟಗಾರರೆಲ್ಲ ಹೀಗೇ, ನಗಬೇಡಿ. ಈಗ ಮುಗೀತಲ್ಲ. ಥ್ಯಾಂಕ್ಸ್ ಹೇಳೋಣ ಅಂತ ಕರೆದೆ.'

ಅಷ್ಟಕ್ಕೇ ಸುಮ್ಮನೆ ಕೈಕುಲುಕಿ ಬರಬಹುದಿತ್ತು. ಆದರೆ ರೈಲಿನಲ್ಲಿ ಕಟ್ಟಿದ ಮಾತೆಲ್ಲ ಬಿದ್ದುಹೋಗಿ ನಿಜವೇ ಬಾಯಿಗೆ ಬಂತು. 'ಡೋನಲ್, ನಾನು ಗಟ್ಟಿಯಾಗಿ ಗೊತ್ತಿದ್ದು ಬರೆದದ್ದಲ್ಲ. ನೀನು ಎರಡು ಸಲ ಸರಿಯಾಗೇ ಕುಪ್ಪಳಿಸಿದ್ದೆ. ಆರು ವಾರ ಅಂತಾನೇ ಬರೆಯೋಣ ಅಂದ್ಕೊಂಡಿದ್ದೆ. ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ ಅಂತ ಹೆದರಿ ಒಂಬತ್ತು ತಿಂಗಳು ಬರೆದೆ. ನೀನು ಥ್ಯಾಂಕ್ಸ್ ಹೇಳ್ತಾ ಇರೋದು ನನ್ನ ಹೆದರಿಕೆಗೆ.'

ಅವನು ನನ್ನನ್ನೇ ನೋಡಿದ. ಗೋಡೆಯಾಚೆ ಯಾರೋ ಹಾಡುತ್ತಿದ್ದರು.

'ಆ ಕ್ಲಬ್ಬಿನಲ್ಲಿ ಆಗ ಎಲ್ಲರೂ ಹೆದರಿದವರೇ,' ಎಂದ. 'ಮ್ಯಾನೇಜರಿಗೆ ಹೆದರಿದರು, ಕೆಲಸ ಹೋಗುತ್ತೆ ಅಂತ ಹೆದರಿದರು. ನಾನೂ ಹೆದರಿದ್ದೆ. ನಿಮ್ಮ ಹೆದರಿಕೆಯೊಂದೇ ನನಗೆ ಉಪಯೋಗಕ್ಕೆ ಬಂದದ್ದು.'

ನಾನು ಅತ್ತೆ ಎಂದು ಸುಜಾತಾ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಅತ್ತದ್ದು ನಿಜ, ಸ್ವಲ್ಪ. ಆಮೇಲೆ ಕಣ್ಣೊರೆಸಿಕೊಂಡು, 'ಕಾಲು ಮೇಲಿಡು,' ಎಂದೆ. ಅವನು ಬೆಂಚಿನ ಮೇಲೆ ಕಾಲು ಚಾಚಿ ಪ್ಯಾಂಟು ಮೇಲೆ ಸರಿಸಿದ. ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮಡಿಸಿದೆ, ಚಾಚಿದೆ, ಅತ್ತಿತ್ತ ಒತ್ತಿ ನೋಡಿದೆ. ಒಳಗೆ ಮರಳಿನಂತೆ ಸಣ್ಣ ಕರಕರ ಇತ್ತು, ಈ ವಯಸ್ಸಿನ ಆಟಗಾರನಿಗೆ ಇರಬೇಕಾದಷ್ಟೇ. ಊತವಿಲ್ಲ. ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು ಬಿಗಿಯಾಗಿದ್ದವು. ಒಂದು ಕಾಲದಲ್ಲಿ ಭಯದಿಂದ ಮುಟ್ಟಿದ್ದನ್ನು ಮತ್ತೊಮ್ಮೆ ನೆಮ್ಮದಿಯಿಂದ ಮುಟ್ಟುವ ಭಾಗ್ಯ ನಮ್ಮ ಕಸುಬಿನಲ್ಲಿ ಎಷ್ಟು ಜನಕ್ಕೆ ಸಿಗುತ್ತದೋ ತಿಳಿಯದು. ನನಗೆ ಸಿಕ್ಕಿತು.

'ಮುಂದಿನ ತಿಂಗಳಿಂದ ಇಲ್ಲೇ ಕಿರಿಯರಿಗೆ ಕೋಚ್,' ಎಂದ ಅವನು, ಪ್ಯಾಂಟು ಇಳಿಸುತ್ತ. 'ಫಿಜಿಯೋ ಆಡೋದು ಬೇಡ ಅಂದ್ರೆ ಬೇಡ. ಅದೊಂದು ನಿಯಮ ಹಾಕ್ತೀನಿ.'

ಸ್ಟೇಷನ್ ಹತ್ತು ನಿಮಿಷದ ದಾರಿ. ಕಾರು ಬೇಡ ಎಂದು ಮೂವರೂ ನಡೆದೆವು. ಮಳೆ ನಿಂತು ಇಳಿಬಿಸಿಲು ಬಿದ್ದಿತ್ತು. ಎದುರಿಗೆ ಸಿಕ್ಕವರೆಲ್ಲ ಅವನ ಹೆಸರು ಹಿಡಿದು ಮಾತಾಡಿಸಿದರು, ಅವನೂ ಅವರ ಹೆಸರು ಹಿಡಿದೇ ಉತ್ತರಿಸಿದ. ಲೀಡ್ಸ್ ಕಡೆಯ ಪ್ಲಾಟ್‌ಫಾರಂ ಸೇತುವೆಯ ಆಚೆಗಿತ್ತು. ನಮ್ಮ ಜೊತೆ ದಾಟಿ ಬಂದು, ರೈಲು ಬರುವವರೆಗೂ ನಿಂತ. ಲೀಡ್ಸ್ ತಲುಪಿದ ಮೇಲೆ ಸುಜಾತಾ ಮ್ಯಾಂಚೆಸ್ಟರ್ ರೈಲು, ನಾನು ಬರ್ಮಿಂಗ್‌ಹ್ಯಾಮ್ ರೈಲು ಹತ್ತಬೇಕಿತ್ತು. ಡೋನಲ್ ಇಬ್ಬರ ಕೈಯನ್ನೂ ಕುಲುಕಿದ.

ರೈಲು ಇನ್ನೂ ನಿಂತಿರುವಾಗಲೇ ಅವನು ವಾಪಸ್ ಹೊರಟ. ಸೇತುವೆಗೆ ಲಿಫ್ಟ್ ಇತ್ತು, ಬಾಗಿಲೂ ತೆರೆದಿತ್ತು. ಅವನು ಅತ್ತ ನೋಡಲಿಲ್ಲ. ಕಂಬಿ ಹಿಡಿಯದೆ, ಬಲಗಾಲು, ಎಡಗಾಲು, ಬಲಗಾಲು, ಎಡಗಾಲು ಎಂದು ಒಂದೇ ಲಯದಲ್ಲಿ ಮೆಟ್ಟಿಲು ಹತ್ತಿದ. ಕೊನೆಯ ಮೆಟ್ಟಿಲಿನವರೆಗೆ ನಾನು ಕಿಟಕಿಯಿಂದ ಎಣಿಸಿದೆ. ರೈಲು ಹೊರಟಿತು.